ಪ್ರಶ್ನೆ ತಂದವರಿಗೆ ಚಹಾ

ಪೊಲೀಸರು ಬಂದೂಕು ತೂಗುಹಾಕಿಕೊಂಡ ಹಾಗೆ ಶಕುಂತಲಾ ಮೇಡಂ ಚಹಾದ ಥರ್ಮಾಸನ್ನು ಹೆಗಲಿಗೆ ತೂಗುಹಾಕಿಕೊಂಡು ಬರುತ್ತಿದ್ದರು. ಎರಡು ಲೀಟರಿನ ಸ್ಟೀಲ್ ಥರ್ಮಾಸು. ಮೇ ತಿಂಗಳ ಜಹೀರಾಬಾದಿನಲ್ಲಿ ಬೆಳಿಗ್ಗೆ ಎಂಟಕ್ಕೇ ಗೋಡೆ ಕಾಯುತ್ತದೆ. ಅಂಥದ್ದರಲ್ಲೂ ಅವರ ಚಹಾ ಸುಡಬೇಕು. ಆದರೆ ಅದು ಎಲ್ಲರಿಗೂ ಸಿಗುತ್ತಿರಲಿಲ್ಲ. ಮೇಡಂಗೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ಊರಿನಿಂದ ಹೊತ್ತು ತಂದವರಿಗೆ ಮಾತ್ರ ಒಂದು ಲೋಟ.

ಅವರು ನಮ್ಮ ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದರು, ನಾನು ಗ್ರಂಥಪಾಲಕ. ಪ್ರತಿ ಬೇಸಿಗೆಯಲ್ಲೂ ಆರು ವಾರ ನನ್ನ ಗ್ರಂಥಾಲಯದಲ್ಲಿ ಅವರ ಪುಕ್ಕಟೆ ಕ್ಲಾಸು. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಬೇಕೆನ್ನುವ, ಮನೆಯಲ್ಲಿ ಮೊದಲ ಸಲ ಕಾಲೇಜು ಕಂಡ ಮಕ್ಕಳು ನಾರಾಯಣಖೇಡ, ತಾಂಡೂರು ಕಡೆಯಿಂದ ಬಂದು ಹಾಸ್ಟೆಲಿನಲ್ಲಿ ಉಳಿಯುತ್ತಿದ್ದರು. ಭಾನುವಾರ ಊರಿಗೆ ಹೋಗಿ, ಸೋಮವಾರ ಪ್ರಶ್ನೆಯೊಂದಿಗೆ ಮರಳಬೇಕು. ತಾಂಡೂರಿನ ಹುಡುಗನೊಬ್ಬ ಕಲ್ಲು ಪಾಲಿಶ್ ಮಾಡುವಲ್ಲಿ ಏಳುವ ಧೂಳಿಗೆ ಯಾವ ಆಫೀಸು ಜವಾಬ್ದಾರಿ ಎಂದು ಕೇಳಿ ಲೋಟ ಗಿಟ್ಟಿಸಿದ್ದ.

ಮೇಡಂ ಮನೂರಿನ ಬೌದ್ಧ ಕೂಲಿ ಕುಟುಂಬದವರು. ಈ ಕ್ಲಾಸು ಯಾಕೆ ಎಂದು ಒಮ್ಮೆ ಕೇಳಿದ್ದೆ.

"ನನಗ ಹೇಳಾಕ ಯಾರೂ ಇದ್ದಿಲ್ರಿ. ಪಿಎಚ್‌ಡಿ ಅರ್ಜಿ ಅಂದ್ರ ರೇಷನ್ ಕಾರ್ಡಿನ ಅರ್ಜಿ ಹಂಗ, ತುಂಬಿ ಕೊಟ್ರ ಆತು ಅಂದ್ಕೊಂಡಿದ್ದೆ. ಇಂಟರ್‌ವ್ಯೂದಾಗ 'ಯಾವ ವಿಷಯದ ಮ್ಯಾಲ ಮಾಡ್ತೀರಿ' ಅಂದ್ರು. 'ನೀವು ಯಾವ್ದು ಕೊಟ್ರ ಅದು' ಅಂದೆ."

"ಏನ್ ಕೊಟ್ರು?"

"ಬಸ್ಸಿನ ಹಾದಿ ತೋರಿಸಿ ಕೊಟ್ರು."

ಕ್ಲಾಸಿನಲ್ಲಿ ನನ್ನ ಪಾಲಿನ ಕೆಲಸ ಎರಡು: ಬೀಗ ತೆಗೆಯುವುದು, ಚಿಂತೆ ಮಾಡುವುದು. ಫ್ಯಾನು ಕಳಚಿ ಬಿದ್ದರೆ? ಪ್ರಾಂಶುಪಾಲರು ಅನುಮತಿ ಪತ್ರ ಕೇಳಿದರೆ? ಒಂದು ಸೋಮವಾರ ಚಹಾದ ಆಸೆಗೆ ನಾನೂ ಲೋಟ ಹಿಡಿದು ಸಾಲಿನಲ್ಲಿ ನಿಂತೆ.

"ಮೇಡಂ, ಈ ಮಕ್ಕಳಿಗಿ ಸೀಟ್ ಸಿಗಲಿಲ್ಲಂದ್ರ ಹೆಂಗ್ರಿ?"

"ಇದು ಪ್ರಶ್ನಿ ಅಲ್ರಿ ಸರ್, ಫಿಕರ್. ಪ್ರಶ್ನಿ ಇದ್ದವರು ಉತ್ತರ ಹುಡುಕ್ತಾರ. ನೀವು ಬಿಪಿ ಗುಳಿಗಿ ಹುಡುಕ್ತೀರಿ. ಮುಂದಿನವರು ಬರ್ರಿ."

ಅಂದಿನಿಂದ ನನ್ನ ಚಹಾ ಗೇಟಿನ ಹೊರಗಿನ ಅಂಗಡಿಯದೇ ಆಯಿತು.

ಒಂದು ಬೇಸಿಗೆಗೆ ಸಿರ್ಗಾಪುರದ ರೇಣುಕಾ ಬಂದಳು. ಮೊದಲ ಸೋಮವಾರ ಪುಸ್ತಕ ತೆರೆದು, "ಪ್ರಜಾಪ್ರಭುತ್ವ ಅಂದ್ರ ಏನ್ರಿ ಮೇಡಂ?" ಎಂದಳು. "ಅದು ನಾ ಕೇಳೋದು. ನೀ ಕೇಳೋದು ಎಲ್ಲಿ ಅದ?" ಎಂದರು ಮೇಡಂ. ಎರಡನೇ ಸೋಮವಾರವೂ ಒಣ ಲೋಟ. ಮೂರನೆಯ ಸೋಮವಾರ ಅವಳು ಬಂದದ್ದೇ ಸಿಟ್ಟಿನಲ್ಲಿ.

"ನಮ್ಮೂರ ಆಟೋದವ ಗಾಡಿ ತುಂಬೋತನಕ ಬಿಡಂಗಿಲ್ರಿ. ಎಲ್ಲಾರೂ ಬಿಸಲಾಗ ಕುಂತಿರ್ತೇವು. ದೊಡ್ಡ ಮನಿ ಹುಡುಗ ಬಂದ್ರ ಮಾತ್ರ ಇಬ್ಬರಿದ್ರೂ ಬಿಡ್ತಾನ. ಆ ಹುಡುಗ ಬಿಡು ಅನ್ನಂಗಿಲ್ಲ, ರೊಕ್ಕಾನೂ ಜಾಸ್ತಿ ಕೊಡಂಗಿಲ್ಲ, ಸುಮ್ಮ ಕೂಡ್ತಾನ. ಬಾಯಿ ಬಿಡದೇ ಹುಕುಂ ಹೆಂಗ ನಡೀತದ್ರಿ?"

ಮೇಡಂ ಥರ್ಮಾಸಿನ ಮುಚ್ಚಳ ತಿರುವಿದರು. "ನನಗ ಗೊತ್ತಿಲ್ಲವಾ. ಎರಡು ಲೋಟ ಕುಡಿ," ಎಂದರು.

ಹೈದರಾಬಾದಿನ ಒಂದು ವಿಶ್ವವಿದ್ಯಾಲಯದ ಎಂ.ಎ.ಗೆ ರೇಣುಕಾ ಅರ್ಜಿ ಹಾಕುವುದೆಂದಾಯಿತು. ಅವಳಪ್ಪ ಅದೊಂದೇ ಊರಿಗೆ, ಅದೂ ಈ ಒಂದೇ ವರ್ಷಕ್ಕೆ ಒಪ್ಪಿದ್ದ, ಸಿಗದಿದ್ದರೆ ಮದುವೆ. ಯಾಕೆ ಓದಬೇಕೆಂದಿದ್ದೀರಿ ಎಂದು ಎರಡು ಪುಟ ಬರೆದು ಕಳಿಸಬೇಕಿತ್ತು. ಅವಳು ಆಟೋದ ಬಗ್ಗೆಯೇ ಸಾದಾ ಇಂಗ್ಲಿಷಿನಲ್ಲಿ ಬರೆದಳು. ಟೈಪು ಮಾಡಿ ಕಳಿಸುವ ಕೆಲಸ ನನ್ನ ಪಾಲಿಗೆ ಬಂತು, ಜೊತೆಗೆ ಫಿಕರ್ ಕೂಡ. ಅಷ್ಟು ದೊಡ್ಡ ವಿಶ್ವವಿದ್ಯಾಲಯಕ್ಕೆ ಸಿರ್ಗಾಪುರದ ಆಟೋ ಕಳಿಸುವುದೇ? ಆಟೋ ತೆಗೆದೆ. ಕಪಾಟಿನ ದಪ್ಪ ಪುಸ್ತಕಗಳ ಬೆನ್ನುಡಿಗಳಿಂದ ನನಗೇ ಅರ್ಥವಾಗದ ಭಾರೀ ಮಾತುಗಳನ್ನು ಆಯ್ದು ಎರಡು ಪುಟ ತುಂಬಿಸಿ ಕಳಿಸಿಬಿಟ್ಟೆ. ಮೆಚ್ಚುಗೆಯ ನಿರೀಕ್ಷೆಯಲ್ಲಿ ಅದರ ಪ್ರತಿಯನ್ನು ಮೇಡಂ ಕೈಗಿತ್ತೆ.

ಅವರು ಕೊನೆಯವರೆಗೂ ಓದಿದರು. "ಈ ಹುಡುಗಿ ಯಾರ್ರಿ ಸರ್? ನಮ್ಮ ಕ್ಲಾಸಿನಾಗ ನೋಡಿಲ್ಲ."

"ರೇಣುಕಾನೇ ರಿ."

"ಆಟೋ ಎಲ್ಲಿ ಹೋತು?"

"ಭಾಳ ಸಣ್ಣದು ಅನ್ನಿಸ್ತು ಮೇಡಂ."

"ಸಣ್ಣದೇ. ಆದ್ರ ಅಕಿ ಕುಂತು ಬಂದದ್ದು ಅದ್ರಾಗೇ."

ಕಳಿಸಿದ ಅರ್ಜಿಯನ್ನು ತಿದ್ದಲು ಬರುತ್ತಿರಲಿಲ್ಲ. ಮೇಡಂ ಬೈಯಲಿಲ್ಲ, ರೇಣುಕಾಳನ್ನು ಕರೆದು, ನಾನು ಮಾಡಿದ್ದನ್ನು ನನ್ನ ಬಾಯಿಂದಲೇ ಹೇಳಿಸಿದರು. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ನೆಲ ನೋಡುತ್ತ, "ನೀವು ನಾ ಬರ್ದಿದ್ದು ಓದಿರೇನ್ರಿ ಸರ್?" ಎಂದಳು. ಅಕ್ಷರ ತಪ್ಪು ಹುಡುಕಿದ್ದೆ, ಓದಿರಲಿಲ್ಲ.

ಸಂದರ್ಶನಕ್ಕೆ ಕರೆ ಬಂತು. ಆ ದಿನ ಮೇಡಂ ಮತ್ತು ನಾನು ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ನಾನು ಒಂದರ ಮೇಲೊಂದು ಎರಡು ಗುಳಿಗೆ ನುಂಗಿದ್ದೆ. ಅರ್ಧ ಗಂಟೆಗೆ ರೇಣುಕಾ ಹೊರಬಂದಳು.

"ಮೊದಲನೇ ಸಾಲಿನ ಅರ್ಥ ಕೇಳಿದ್ರು. ಇದು ನಮ್ಮ ಲೈಬ್ರರಿ ಸರ್ ಬರ್ದದ್ದು, ಅವರಿಗೂ ಗೊತ್ತಿದ್ದಂಗಿಲ್ಲ ಅಂದೆ."

ನಾನು ಮೂರನೆಯ ಗುಳಿಗೆಗೆ ಜೇಬು ತಡಕಿದೆ.

"ನಕ್ಕರು. ಹಂಗಾರ ನಿಂದು ಹೇಳು ಅಂದ್ರು. ಆಟೋದ್ದು ಹೇಳಿದೆ. ಅವರವರೇ ವಾದ ಮಾಡಾಕತ್ತಿದ್ರು ಮೇಡಂ. ಯಾರಿಗೂ ಉತ್ತರ ಗೊತ್ತಿಲ್ಲ. ಆದ್ರ ಚಾ ಕೊಡಲಿಲ್ಲ."

ಮೇಡಂ ಅಲ್ಲೇ, ಆ ವರಾಂಡದಲ್ಲೇ ಥರ್ಮಾಸಿನ ಮುಚ್ಚಳ ತಿರುವಿದರು. ಅವಳಿಗೆ ಒಂದು ಲೋಟ, ತಮಗೆ ಒಂದು. ನನಗೆ ಇಲ್ಲ. ಜುಲೈನಲ್ಲಿ ಸೀಟು ಸಿಕ್ಕ ಸುದ್ದಿ ಬಂತು.

ಹೋದ ವರ್ಷ ಮೇಡಂ ನಿವೃತ್ತರಾದರು. ಇನ್ನು ಮನೆಯಲ್ಲಿ ಕೂತು ಚಹಾ ಕುಡಿಯುತ್ತಾರೆ ಎಂದುಕೊಂಡಿದ್ದೆ. ಅವರು ದೂರದ ಊರಿನಲ್ಲಿ ಪಿಎಚ್‌ಡಿಗೆ ಸೇರಿದರು. "ಈ ಸಲ ವಿಷಯ ನಾನೇ ಒಯ್ಯಾಕತ್ತೀನ್ರಿ," ಎಂದರು.

ಬೀಳ್ಕೊಡಲು ಜಹೀರಾಬಾದ್ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಹೆಗಲಲ್ಲಿ ಅದೇ ಥರ್ಮಾಸು. ಬಿಸಿಲು, ಸಾಮಾನು, ಬಸ್ಸಿನ ಸೀಟು ಎಲ್ಲದರ ಬಗ್ಗೆ ಚಿಂತಿಸಿ ಮುಗಿದ ಮೇಲೆ ಕೇಳಿದೆ:

"ಮೇಡಂ, ಬೇಸಿಗಿ ಕ್ಲಾಸ್ ಇನ್ನ ಯಾರು ತಗೋತಾರ್ರಿ?"

ಫಿಕರ್ ಎನ್ನುತ್ತಾರೆಂದು ಕಾದೆ. ಅವರು ಹೆಗಲಿನ ಥರ್ಮಾಸು ಇಳಿಸಿದರು.

"ಇದು ನನಗೂ ಗೊತ್ತಿಲ್ರಿ," ಎಂದು ಮುಚ್ಚಳ ತಿರುವಿದರು.

ಅಷ್ಟು ವರ್ಷಗಳಲ್ಲಿ ಅದು ನನ್ನ ಮೊದಲ ಲೋಟ. ಬಾಯಿ ಅಂಟುವಷ್ಟು ಸಿಹಿ. ಕುಡಿದು ಮುಗಿಸುವ ಮೊದಲೇ ಬಸ್ಸು ಬಂತು. ಚೀಲಗಳನ್ನೆಲ್ಲ ಹತ್ತಿಸಿದೆ, ಥರ್ಮಾಸು ಮಾತ್ರ ಯಾವ ಮಾಯದಲ್ಲೋ ನನ್ನ ಹೆಗಲಿಗೆ ಬಂದಿತ್ತು. ಕೊಡಲೆಂದು ಕಿಟಕಿಯ ಪಕ್ಕ ಓಡಿದೆ. ಮೇಡಂ ಕೈ ಚಾಚಲಿಲ್ಲ, ತಲೆ ಹೊರಗೆ ಹಾಕಿದರು.

"ಸಕ್ಕರಿ ಮಾತ್ರ ಕಮ್ಮಿ ಹಾಕಬ್ಯಾಡ್ರಿ ಸರ್. ಮಕ್ಕಳು ದೂರದಿಂದ ಬಂದಿರ್ತಾರ."