ಬಿಸಿ ಗಂಜಿಯೂ ಮಿಣುಕುವ ಚೌಕವೂ

ನಾನು ಗಂಜಿಯ ಮೊದಲ ಚಮಚ ಕುಡಿಸುತ್ತಲೇ ಮಷೀನು "ನೋವು" ಎಂದಿತು. ಪಾರ್ಶ್ವವಾಯು ಬಡಿದು ಕೈಕಾಲು, ಮಾತು ನಿಂತುಹೋದ ನನ್ನ ಹೆಂಡತಿಯ ತಲೆಗೆ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ತಂತಿಯ ಟೊಪ್ಪಿಗೆ ಹಾಕಿದ್ದಳು. ಎದುರಿನ ಪರದೆಯಲ್ಲಿ ನೀರು, ನೋವು, ಸಾಕು ಎಂಬ ಚೌಕಗಳು ಬೇರೆಬೇರೆ ವೇಗದಲ್ಲಿ ಮಿಣುಕುತ್ತಿದ್ದವು. ಹೆಂಡತಿ ದಿಟ್ಟಿಸಿದ ಚೌಕದ ಲಯ ಅವಳ ಮಿದುಳಿನಲ್ಲಿ ಮೂಡುತ್ತದಂತೆ, ಮಷೀನು ಅದನ್ನು ಹಿಡಿದು ಮಾತಾಡುತ್ತದಂತೆ.

"ತಂಗಿ, ತಾಳಿಕೋಟಿ ಲಗ್ನದ ಹಂದರದಾಗಿನ ಲೈಟಿನ ಸರ ಇದಕ್ಕಿಂತ ಚೊಲೊ ಮಿಣಕ್ತೈತಿ. ಆಕಿ ಮನಸ್ಸು ನನಗ ಗೊತ್ತೈತಿ" ಎಂದು ನಕ್ಕು ಇನ್ನೊಂದು ಚಮಚ ಕುಡಿಸಿದೆ. ಮತ್ತೆ "ನೋವು".

ಹುಡುಗಿ ಬಟ್ಟಲಿಗೆ ಬೆರಳು ತಾಗಿಸಿ ಸಟಕ್ಕನೆ ತೆಗೆದಳು. "ಕಾಕಾ, ಸುಡಾಕತ್ತೈತ್ರಿ! ನೀವು ಕುಡದು ನೋಡೀರೇನ್ರಿ?"

ನೋಡಿರಲಿಲ್ಲ. ಗಂಜಿ ಬಿಸಿ ಇದ್ದರೇ ಮೈಗೆ ಹತ್ತುತ್ತದೆ ಎಂದು ನಂಬಿದ ಮಹಾಜ್ಞಾನಿ ನಾನು. ದಿನಾ ಉಣಿಸುವಾಗ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಮಾತಾಡಿಸಲು ಬಂದ ಮುದ್ದೇಬಿಹಾಳದ ಬೀಗರಿಗೆಲ್ಲ "ನಾ ಮಾಡೋ ಸೇವಾ ನೋಡಿ ಅಳ್ತಾಳ" ಎಂದು ಹೇಳಿ ಹೊಗಳಿಸಿಕೊಂಡಿದ್ದೆ.

ಈಗ ಮೊದಲು ನಾನೊಂದು ಗುಟುಕು ಕುಡಿದು, ಆರಿಸಿ ಕುಡಿಸುತ್ತೇನೆ. "ದೇವರಂಥಾ ಗಂಡ" ಎನ್ನುವವರಿಗೆ ಈ ಸಂಗತಿ ಪೂರ್ತಿ ಹೇಳಿದ ಮೇಲೆಯೇ ಚಹಾ ಕೊಡುತ್ತೇನೆ.