ಮೂರು ಹೆಸರಿನ ದೋಣಿ, ಒಂದು ಸುತ್ತಿಗೆ

ಸೂರ್ಯ ಇನ್ನೂ ಬರ್ನೆಟ್ ನದಿಯಾಚೆಗಿನ ಕಬ್ಬಿನ ಗದ್ದೆ ಬಿಟ್ಟು ಎದ್ದಿಲ್ಲ. ದೋಣಿ ಅಂಗಳಕ್ಕೆ ಬಂದ ಡಾಟ್ ಪ್ರಿಚರ್ಡ್ ಯಾರನ್ನೂ ಮಾತಾಡಿಸುವ ಮೊದಲೇ ನೀರಿನಲ್ಲಿ ಕಟ್ಟಿಟ್ಟ ಮಾರಾಟದ ದೋಣಿಯ ಎಂಜಿನ್ ಮೇಲೆ ಅಂಗೈ ಇಡುತ್ತಾರೆ, ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೆ.

"ಬೆಚ್ಚಗಿದೆಯಲ್ಲೋ ಡಾರಿಲ್!"

ದಲ್ಲಾಳಿ ಡಾರಿಲ್ ಕಾಫಿ ಲೋಟದೊಳಗೆ ಏನೋ ಹುಡುಕುತ್ತಾನೆ. "ಒಂದ್ಸಲ ತಿರುಗಿಸಿ ನೋಡ್ದೆ ಅಷ್ಟೇ, ಮಾರಾಯ್ತಿ."

"ತಣ್ಣಗಿದ್ರೆ ಕೆಮ್ಮುತ್ತೆ ಅಂತ ಗೊತ್ತಿರೋನು ಮಾತ್ರ ನಾಕು ಗಂಟೆಗೆ ಎದ್ದು ತಿರುಗಿಸ್ತಾನೆ."

ಅರವತ್ತೆರಡರ ಡಾಟ್ ಹಳೆಯ ದೋಣಿಗಳ ಪರೀಕ್ಷಕಿ. ಇಪ್ಪತ್ತೇಳು ವರ್ಷಗಳಿಂದ ವಾರಕ್ಕೆ ನಾಲ್ಕು ದೋಣಿ, ದೋಣಿಗೆ ಸಾವಿರ ಏಟು. ಕೈಯಲ್ಲಿ ಪುಟ್ಟ ಸುತ್ತಿಗೆ; ಮಂಡಿಗಳು ಎಂದೋ ಸವೆದಿವೆ, ಕಿವಿ ಮಾತ್ರ ಚುರುಕು. ದಲ್ಲಾಳಿಗಳು ಇವರಿಗಿಟ್ಟ ಹೆಸರು 'ವ್ಯಾಪಾರಗೇಡಿ'. ಊರಿನ ಅರ್ಧ ಅಂಗಳಗಳಲ್ಲಿ ಇವರ ಫೋನ್ ನಂಬರ್ ಕೇಳಿದರೆ ಯಾರಿಗೂ ನೆನಪಾಗುವುದಿಲ್ಲ.

ಇವತ್ತು ದುಡ್ಡು ಕೊಟ್ಟು ಇವರನ್ನು ಕರೆಸಿದ ಗಿರಾಕಿ ಸಕ್ಕರೆ ಕಾರ್ಖಾನೆಯ ಫಿಟ್ಟರ್ ರೆನೊ ಬಾರ್ಬೆರಾ. ಎದುರಿಗಿರುವುದು ಒಂದು ಕಾಲದಲ್ಲಿ ಪಂದ್ಯಕ್ಕಿಳಿದಿದ್ದ ಕ್ಯಾಟಮರಾನ್: ಎರಡು ಒಡಲು, ನಡುವೆ ಗಾಳಿ ನುಗ್ಗುವ ಸುರಂಗ, ಐವತ್ತು ನಾಟ್, ಅಂದರೆ ಗಂಟೆಗೆ ತೊಂಬತ್ತು ಕಿಲೋಮೀಟರ್ ದಾಟುವ ವೇಗ. ಇಬ್ಬರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಹವಳದ ದಿಬ್ಬಕ್ಕೆ ಹೋಗುವುದು ರೆನೊನ ಕನಸು.

"ಅಗ್ಗ, ವೇಗ ಎರಡೂ ಒಂದೇ ಜಾಹೀರಾತಲ್ಲಿ ಬಂದ್ರೆ ಗಂಡಸರಿಗೆ ಕಿವುಡು ಬರುತ್ತೆ," ಎನ್ನುತ್ತಾರೆ ಡಾಟ್. "ಎಂಜಿನ್ ಶಬ್ದ ಒಂದು ಕೇಳುತ್ತೆ. ಎಂಜಿನ್ನನ್ನ ಹೊತ್ತಿರೋ ಹಲಗೆ ಅಳೋದು ಕೇಳಲ್ಲ."

ದೋಣಿ ನೀರಿನಲ್ಲೇ ಇರಲಿ ಎಂದು ಡಾರಿಲ್ ಹಟ ಹಿಡಿಯುತ್ತಾನೆ. ಎತ್ತದೆ ಸುತ್ತಿಗೆ ಮುಟ್ಟುವುದಿಲ್ಲ ಎಂದು ಡಾಟ್. ಕೊನೆಗೆ ಕ್ರೇನ್ ಗೊಣಗುತ್ತಾ ಎತ್ತುತ್ತದೆ. ಡಾಟ್ ಅಂಗಾತ ಮಲಗಿ ಸುರಂಗದೊಳಕ್ಕೆ ತೆವಳುತ್ತಾರೆ. ಟಣ್, ಟಣ್. ಆಮೇಲೆ ಎಡ ಮೂಲೆಯಲ್ಲಿ ದಬ್: ಒಳಗೆ ಕೊಳೆತ ಹಲಗೆಯ ಸದ್ದು. ಬೆರಳು ಬಣ್ಣದಡಿಯ ಸೊಟ್ಟ ತೇಪೆಯೊಂದನ್ನು ತಡವಿ ನಿಲ್ಲುತ್ತದೆ.

"ಇದಾ!" ಒಳಗಿನಿಂದ ಕೂಗು. "ಹೋದ ವರ್ಷ ಇದರ ಹೆಸರು 'ಬ್ಲೂ ಹೀಲರ್', ಅದಕ್ಕೂ ಮೊದಲು 'ಸ್ವಿಫ್ಟ್‌ಟೇಲ್'. ಎರಡು ಸಲವೂ ಸಮುದ್ರಕ್ಕೆ ಲಾಯಕ್ಕಿಲ್ಲ ಅಂತ ನಾನೇ ಬರ್ದಿದ್ದೆ."

ಬರೆದದ್ದು ಎಲ್ಲಿ ಹೋಯಿತು? ದುಡ್ಡು ಕೊಟ್ಟವನ ಜೇಬಿಗೆ. ವರದಿ ಅವನ ಸೊತ್ತು; ಅವನು ಕೊಳ್ಳದೆ ನಡೆದ. ದೋಣಿಗೆ ಹೊಸ ಬಣ್ಣ, ಹೊಸ ನಾಮಕರಣ; ಈಗಿನ ಹೆಸರು ಮೂರನೆಯದು. "ಹಳೇ ಕಾರು ಮಾರೋಕೆ ಪ್ರಮಾಣಪತ್ರ ಬೇಕು. ಇದಕ್ಕೆ ಬಣ್ಣದ ಡಬ್ಬಿ ಸಾಕು!" ಹೊರಬಂದ ಡಾಟ್ ಮುಖ ಕೆಂಪೇರಿದೆ.

ರೆನೊಗೆ ಇನ್ನೂ ಆಸೆ. "ನಿಧಾನಕ್ಕೆ ಓಡಿಸಿದ್ರೆ?"

"ನಿಧಾನಕ್ಕೆ ಓಡಿಸೋಕೆ ಯಾರಾದ್ರೂ ಇದನ್ನ ಕೊಳ್ತಾರೇನಯ್ಯಾ?" ಸುತ್ತಿಗೆಯನ್ನೇ ಅವನ ಕೈಗಿಡುತ್ತಾರೆ. "ಮಕ್ಕಳು ಎಲ್ಲಿ ಕೂರ್ತಾರೆ? ಅಲ್ಲಿ ಹೊಡಿ."

ಅವನು ಹೊಡೆಯುತ್ತಾನೆ. ದಬ್. ಇನ್ನೊಮ್ಮೆ ಹೊಡೆಯುವುದಿಲ್ಲ. ಸುತ್ತಿಗೆ ಹಿಂದಿರುಗಿಸಿ, ಡಾರಿಲ್ ಕಡೆ ತಿರುಗಿಯೂ ನೋಡದೆ ಗೇಟಿನತ್ತ ನಡೆಯುತ್ತಾನೆ.

ಅವನು ಗೇಟು ದಾಟುವ ಮೊದಲೇ ಡಾರಿಲ್ ಫೋನಿನಲ್ಲಿ ಇನ್ನೊಬ್ಬನಿಗೆ ಹೇಳುತ್ತಿದ್ದಾನೆ: "ಇನ್ನೂ ಇದೆ ಗುರು, ನಾಳೆ ಬಾ."

ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ಡಾಟ್ ಮೊಣಕಾಲಿನ ಧೂಳು ಕೊಡವುತ್ತಾರೆ. "ನಂಗೇನೂ ಬೇಡ. ನಾ ಬರ್ದಿದ್ದು ದೋಣಿ ಜೊತೇಲೇ ಹೋಗೋ ಹಾಗೆ ಒಂದು ಕಾನೂನು ಮಾಡ್ಲಿ. ಆಮೇಲೆ ಹೆಸರು ನೂರು ಇಟ್ಕೊಳ್ಲಿ."