ಬಿಡಿಸದ ಪಥ್ಯ

ಮೊನ್ನೆ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹೊಡೆದು, ಮುಖ ಸಣ್ಣ ಮಾಡಿಕೊಂಡು, "ಟೀಚರೇ, ಇನ್ನು ಉಪ್ಪು ಸ್ವಲ್ಪ ಕಡಿಮೆ ಮಾಡಬೇಕು" ಎಂದರು. ಪಾಪ, ಒಳ್ಳೆಯದಕ್ಕೇ ಹೇಳಿದ್ದು. ನಾನು ರೇಗಿಬಿಟ್ಟೆ. "ಮಾತ್ರೆ ಎಷ್ಟು ಬೇಕಾದರೂ ಬರೆಯಿರಿ, ನುಂಗುತ್ತೇನೆ. ಉಪ್ಪಿನ ವಿಷಯ ಮಾತ್ರ ನನ್ನ ಹತ್ತಿರ ಎತ್ತಬೇಡಿ" ಎಂದೆ. ಹೊರಗೆ ಬೆಂಚಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ನೋಡಲಿ. ನನ್ನ ಅಮ್ಮ ಎರಡು ವರ್ಷ ಉಪ್ಪಿಲ್ಲದೆ ಉಂಡು, ಉಪ್ಪಿಲ್ಲದೆಯೇ ಸತ್ತವಳು ಎಂದು ಅವರಿಗೆಲ್ಲ ಹೇಳುತ್ತಾ ಕೂರಲು ಆಗುತ್ತದೆಯೇ?

ಐವತ್ತರ ದಶಕದ ಕೊನೆಯ ಮಾತು. ನಮ್ಮ ಮನೆ ಬಂಟ್ವಾಳ ಪೇಟೆಯಿಂದ ಸ್ವಲ್ಪ ಕೆಳಗೆ, ಹೊಳೆಯ ಬದಿಗೆ ಇತ್ತು. ನಾನು ಚಿಕ್ಕವಳಿರುವಾಗಲೇ ಅಪ್ಪ ತೀರಿಹೋಗಿದ್ದರು. ಮನೆಯಲ್ಲಿ ಇದ್ದದ್ದು ಅಮ್ಮ, ನಾನು ಮತ್ತು ಅಮ್ಮನ ಅಣ್ಣ, ಅಂದರೆ ನನ್ನ ಮಾವ. ನಮ್ಮಲ್ಲಿ ಮಾವನೇ ಯಜಮಾನ. ಅವರ ಮಾತಿಗೆ ಎದುರು ಮಾತಿಲ್ಲ. ಮಾವ ಹಂಚಿನ ಕಾರ್ಖಾನೆಗೆ ಹೋಗುತ್ತಿದ್ದರು, ಅಮ್ಮ ಬೀಡಿ ಕಟ್ಟುತ್ತಿದ್ದಳು. ಬೆಳಿಗ್ಗೆ ಗಂಜಿ ಇಳಿಸಿ, ಮಡಿಲಲ್ಲಿ ಮೊರದಂಥ ಗೆರಸೆ ಇಟ್ಟುಕೊಂಡು ಕೂತರೆ ಎಲೆ ಕತ್ತರಿಸುವುದು, ಹೊಗೆಸೊಪ್ಪಿನ ಹುಡಿ ತುಂಬುವುದು, ಸುರುಳಿ ಸುತ್ತಿ ನೂಲು ಕಟ್ಟುವುದು, ಸಂಜೆಯವರೆಗೆ ಇದೇ. ಮನೆಯೆಲ್ಲ ಹುಡಿಯ ಘಾಟು. ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದರೂ ಅದೇ ವಾಸನೆ ಬರುತ್ತಿತ್ತು.

ಅಮ್ಮನಿಗೆ ದಮ್ಮು ಶುರುವಾದದ್ದು ನನಗೆ ಹದಿಮೂರೋ ಹದಿನಾಲ್ಕೋ ಆಗಿದ್ದಾಗ. ಮೊದಲು ಒಣಕೆಮ್ಮು, ಆಮೇಲೆ ಎದೆಯೊಳಗೆ ಸುಂಯ್ ಎನ್ನುವ ಶಬ್ದ, ಆಮೇಲೆ ಬಾವಿಯಿಂದ ಒಂದು ಕೊಡ ನೀರು ಸೇದಿದರೆ ಕಟ್ಟೆಗೆ ಒರಗಿ ನಿಲ್ಲುವುದು. ಸರಕಾರಿ ಆಸ್ಪತ್ರೆಯಲ್ಲಿ ಕೆಂಪು ನೀರು ಕೊಟ್ಟರು. ಅದರಿಂದ ಏನೂ ಆಗಲಿಲ್ಲ. ಆಮೇಲೆ ಹಿಡಿದದ್ದು ನಾಟಿಮದ್ದಿನವರ ದಾರಿ. ಒಬ್ಬರ ಮನೆಯ ಮೆಟ್ಟಿಲಿಳಿಯುವ ಮೊದಲೇ ಇನ್ನೊಬ್ಬರ ವಿಳಾಸ ಹೇಳುವವರು ನಮ್ಮೂರಿನಲ್ಲಿ ಧಾರಾಳ ಇದ್ದರು.

ಹತ್ತಿರದಲ್ಲೇ ಹಸಿಮದ್ದು ಕೊಡುವ ಒಬ್ಬ ಅಜ್ಜಿ ಇದ್ದಳು. ಅವಳು ಅಮ್ಮನ ಉಗುರು ನೋಡಿ, "ಮೈಯಲ್ಲಿ ನಂಜು ಉಂಟು" ಎಂದಳು. ನಂಜು ಅಂದರೆ ನಮ್ಮ ಕಡೆ ಎಲ್ಲದಕ್ಕೂ ಆಗುವ ಪದ. ಗಾಯ ಮಾಗದಿದ್ದರೂ ನಂಜು, ಮಗು ರಚ್ಚೆ ಹಿಡಿದರೂ ನಂಜು. ಬದನೆ, ಹಲಸು, ಕೆಸು, ಅಣಬೆ ಬೇಡವೆಂದಾಯಿತು. ಅಮ್ಮ ಬಿಟ್ಟಳು. ದಮ್ಮು ಬಿಡಲಿಲ್ಲ.

ಆಮೇಲೆ ಬೆಳ್ತಂಗಡಿಯ ಹತ್ತಿರ ಪ್ರಕೃತಿ ಚಿಕಿತ್ಸೆ ಮಾಡುವವರೊಬ್ಬರು. ಬಿಳಿ ಖಾದಿ, ಮೆತ್ತಗಿನ ಮಾತು, ಪುಸ್ತಕದಲ್ಲಿ ಬರೆದಂಥ ಕನ್ನಡ. ಬೇಯಿಸಿದ ಅನ್ನವೇ ರೋಗದ ಮೂಲ ಎಂದರು. ಹಸಿ ಸೋರೆಕಾಯಿ, ಹಸಿ ತೆಂಗಿನಕಾಯಿ, ನೆನೆಸಿದ ಹೆಸರು, ಎದೆಯ ಮೇಲೆ ಒದ್ದೆ ಮಣ್ಣು. ಅದೂ ಆಟಿ ತಿಂಗಳ ಜಡಿಮಳೆಯ ಚಳಿಯಲ್ಲಿ! ಅಲ್ಲೇ ಉಳಿದ ಮೂರನೆಯ ದಿನ ಅಮ್ಮ ವಾಂತಿ ಮಾಡಿ ನಡುಗತೊಡಗಿದಳು. "ಒಳಗಿನ ಕಲ್ಮಶ ಹೊರಗೆ ಬರುತ್ತಿದೆ. ನೀವು ಸಂತೋಷ ಪಡಬೇಕು" ಎಂದರು ಆ ಪುಣ್ಯಾತ್ಮರು. ಸಂತೋಷ ಪಡಲು ನಮಗೆ ಪುರುಸೊತ್ತಿರಲಿಲ್ಲ. ಮಾವ ಅಮ್ಮನನ್ನು ಹೆಗಲಿಗೆ ಒರಗಿಸಿಕೊಂಡು ಬಸ್ಸಿಗೆ ಹತ್ತಿಸಿ ಮನೆಗೆ ಕರೆತಂದರು. ಮಾವನ ಬಗ್ಗೆ ಎಷ್ಟು ಕಹಿ ಇದ್ದರೂ, ಆ ದಿನ ಅವರ ಕಣ್ಣಲ್ಲಿ ನೀರಿದ್ದದ್ದನ್ನು ನಾನು ಮರೆತಿಲ್ಲ.

ಹೀಗೆ ಎರಡು ಮೂರು ವರ್ಷ ಅಲೆದ ಮೇಲೆ ಕೊನೆಗೆ ಸಿಕ್ಕಿದವರು ಮೂಡಬಿದಿರೆಯ ಪಂಡಿತರು. ಎಂಬತ್ತರ ಹತ್ತಿರದ ಪ್ರಾಯ, ಊರಿಗೆಲ್ಲ ದೊಡ್ಡ ಹೆಸರು. ಸಿದ್ಧಕಟ್ಟೆಯ ಮೇಲಾಗಿ ಹೋಗುವ ಬಸ್ಸಿನಲ್ಲಿ ನಾವು ಮೂವರೂ ಹೋದೆವು. ಸುಮ್ಮನೆ ಕೂರಬೇಕಲ್ಲ ಎಂದು ಅಮ್ಮ ಗೆರಸೆ, ಎಲೆ, ಹುಡಿ ಎಲ್ಲವನ್ನೂ ಬಟ್ಟೆಯಲ್ಲಿ ಕಟ್ಟಿ ತಂದಿದ್ದಳು. ಪಂಡಿತರ ಜಗಲಿಯಲ್ಲಿ ಸರದಿ ಕಾಯುತ್ತಾ ಕೆಮ್ಮಿಕೊಂಡೇ ಬೀಡಿ ಕಟ್ಟಿದಳು.

ಪಂಡಿತರು ನಾಡಿ ಹಿಡಿದು ಬಹಳ ಹೊತ್ತು ವಿಚಾರಿಸಿದರು. "ರಾತ್ರಿಗೆ ಎಂತ ಉಣ್ಣುವುದು? ಹುಳಿ ಎಷ್ಟು? ಮೀನು ದಿನಾ ಉಂಟಾ? ಒಣಮೀನಾ, ಹಸಿಮೀನಾ?" ಬಾಯಿಯೊಳಗೆ ಹೋಗುವ ಒಂದೊಂದು ತುತ್ತಿನ ಲೆಕ್ಕ ಕೇಳಿದರು. ಮೂಗಿನೊಳಗೆ ಹೋಗುವುದು ಏನೆಂದು ಕೇಳಲಿಲ್ಲ. ಗೆರಸೆ ಅಮ್ಮನ ಮಡಿಲಲ್ಲೇ ಇತ್ತು.

ಕಷಾಯದ ಮದ್ದು ಕಟ್ಟಿ ಕೊಟ್ಟು, "ಉಪ್ಪು, ಹುಳಿ, ಮೀನು, ಮೂರೂ ಬೇಡ. ನಲವತ್ತೆಂಟು ದಿನ. ಮೊದಲ ಹದಿನೈದು ದಿನ ಏಳದೆ ಮಲಗಿಯೇ ಇರಬೇಕು" ಎಂದರು. "ಅದಾಗಿ ಇಲ್ಲಿಗೆ ಬಾ. ನಾನು ಮಂತ್ರಿಸಿ ಕೊಡುವ ಎಣ್ಣೆ ಹಾಕಿ ಮಿಂದು, ನನ್ನ ಎದುರೇ ಉಪ್ಪು ಮುಟ್ಟಬೇಕು. ಪಥ್ಯ ಹಾಕಿದವನೇ ಬಿಡಿಸಬೇಕು. ಅದಕ್ಕೆ ಮೊದಲು ಒಂದು ಹರಳು ನಾಲಿಗೆಗೆ ತಾಗಿದ್ರೂ ಮದ್ದು ತಿರುಗ್ತದೆ. ಮತ್ತೆ ನನ್ನನ್ನು ಕೇಳಬೇಡ."

ಮದ್ದು ತಿರುಗುವುದು ಅಂದರೆ ಗುಣ ಮಾಡಬೇಕಾದ ಮದ್ದೇ ವಿಷವಾಗಿ ಮೈಗೆ ಏರುವುದು. ಅಮ್ಮ ಕೈಮುಗಿದಳು. ನಾವು ಏಳುವಾಗ ಪಂಡಿತರು ಗೆರಸೆಯ ಕಡೆ ಕೈ ಚಾಚಿ, "ಒಂದು ಕೊಡು ನೋಡುವ" ಎಂದು ಬೀಡಿ ಕೇಳಿ ಪಡೆದು ಹೊತ್ತಿಸಿದರು. "ಒಳ್ಳೆ ಕೈ ಮಾರಾಯ್ತಿ ನಿನ್ನದು" ಎಂದರು. ಅಮ್ಮ ನಾಚಿಕೊಂಡು ನಕ್ಕಳು.

ಹದಿನೈದು ದಿನ ಅಮ್ಮ ಗೆರಸೆ ಮುಟ್ಟದೆ ಹೊರಗಿನ ಚಾವಡಿಯಲ್ಲಿ ಮಲಗಿದಳು. ದಮ್ಮು ಇಳಿಯಿತು! ಎದೆಯ ಶಬ್ದ ನಿಂತಿತು. ಮಾವ ಹೋದಲ್ಲೆಲ್ಲ, "ನೋಡಿ, ಉಪ್ಪು ಬಿಟ್ಟದ್ದೇ ಬಿಟ್ಟದ್ದು, ದಮ್ಮು ಮಾಯ" ಎಂದು ಹೇಳಿಕೊಂಡು ಬಂದರು. ಹದಿನಾರನೆಯ ದಿನ ಅಮ್ಮ ಎದ್ದು ಕೂತು ಬೀಡಿ ಕಟ್ಟಿದಳು. ವಾರದೊಳಗೆ ಕೆಮ್ಮು ತಿರುಗಿ ಬಂತು. ಪಥ್ಯದಲ್ಲಿ ಏನೋ ಹೆಚ್ಚುಕಡಿಮೆಯಾಗಿರಬೇಕು ಎಂದರು ಮಾವ. ನನಗೂ ಹಾಗೆಯೇ ಅನಿಸಿತು. ಇದನ್ನು ಬರೆಯುವಾಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ. ಕಣ್ಣೆದುರಿಗೆ ಇತ್ತಲ್ಲ!

ನಲವತ್ತೆಂಟು ದಿನ ಮುಗಿಯಲು ಇನ್ನೇನು ಒಂದು ವಾರ ಇರುವಾಗ ಮೂಡಬಿದಿರೆಯಿಂದ ಸುದ್ದಿ ಬಂತು, ಪಂಡಿತರು ತೀರಿಕೊಂಡರು ಎಂದು.

ಮಾವ ಓಡಿದರು. ಪಂಡಿತರ ಮಗ ಬಟ್ಟೆ ವ್ಯಾಪಾರದವರು, ಮದ್ದಿನ ಗಂಧಗಾಳಿ ಇಲ್ಲದವರು. "ಅಪ್ಪ ಹಾಕಿದ ಪಥ್ಯ ನಾನು ಹೇಗೆ ಬಿಡಿಸುವುದು? ಮಂತ್ರ ಅವರ ಒಟ್ಟಿಗೇ ಹೋಯ್ತು" ಎಂದರಂತೆ. ಬೇರೆ ಇಬ್ಬರು ಪಂಡಿತರನ್ನೂ ಕೇಳಿ ನೋಡಿದ್ದಾಯಿತು. ಇನ್ನೊಬ್ಬರು ಹಾಕಿದ್ದಕ್ಕೆ ನಾವು ಕೈ ಹಾಕುವ ಹಾಗಿಲ್ಲ ಎಂದು ಜಾರಿಕೊಂಡರು. ನಲವತ್ತೆಂಟು ದಿನ ಮುಗಿಯಿತು. ಅರುವತ್ತು ಆಯಿತು. ಮಳೆಗಾಲ ಬಂತು, ಹೋಯಿತು. ಅಮ್ಮ ಸಪ್ಪೆ ಗಂಜಿ ಕುಡಿಯುತ್ತಲೇ ಇದ್ದಳು.

ಆ ವರ್ಷ ನಾನು ಮಂಗಳೂರಿಗೆ ಟೀಚರ್ ಟ್ರೈನಿಂಗಿಗೆ ಹೋದೆ. ಹಾಸ್ಟೆಲಿನಲ್ಲಿ ಒಂದು ತಿಂಗಳಾಗುವಾಗ, ಪ್ರತಿ ಬೆಳಿಗ್ಗೆ ಹತ್ತು ಹದಿನೈದು ಸಲ ಬರುತ್ತಿದ್ದ ನನ್ನ ಸೀನು ನಿಂತದ್ದು ಗೊತ್ತಾಯಿತು. ರಜೆಗೆ ಮನೆಗೆ ಬಂದೆ. ಒಳಗೆ ಕಾಲಿಟ್ಟ ಕೂಡಲೇ ಸೀನು ಶುರು. ಆಗ ತಲೆಗೆ ಹೋಯಿತು. ಮಾವನಿಗೆ ಹೇಳಿದೆ. ಅವರು ನಕ್ಕರು. "ಹುಡಿಯಿಂದ ದಮ್ಮು ಬರುವುದಾದ್ರೆ ಬಂಟ್ವಾಳದಲ್ಲಿ ಹೆಂಗಸರೇ ಇರ್ತಿರಲಿಲ್ಲ. ನಾಲ್ಕು ಅಕ್ಷರ ಕಲಿತ ಕೂಡಲೇ ಪಂಡಿತಳಾದಿಯಾ?" ಎಂದರು. ಅಮ್ಮನೂ, "ಬೀಡಿ ಬಿಟ್ಟರೆ ಉಣ್ಣುವುದು ಎಂತ ಮಗಾ?" ಎಂದಳು. ಉಪ್ಪು ಬಿಡಿಸುವುದು ಎಲ್ಲರಿಗೂ ಸುಲಭ. ಬೀಡಿ ಬಿಡಿಸಲು ಯಾರೂ ತಯಾರಿರಲಿಲ್ಲ.

ಟ್ರೈನಿಂಗ್ ಮುಗಿದು ಊರಿನ ಶಾಲೆಯಲ್ಲೇ ಕೆಲಸ ಸಿಕ್ಕಿತು. ಇನ್ನು ನನ್ನ ಸಂಬಳ ಉಂಟು, ಗೆರಸೆ ಕೆಳಗಿಡು ಎಂದೆ. ಅಮ್ಮ ಇಟ್ಟಳು. ಆದರೆ ಅಷ್ಟರಲ್ಲಿ ಅವಳ ಮೈಯಲ್ಲಿ ಏನೂ ಉಳಿದಿರಲಿಲ್ಲ. ಸಪ್ಪೆ ಗಂಜಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಎರಡು ತುತ್ತಿಗೆ ಬಟ್ಟಲು ದೂಡುತ್ತಿದ್ದಳು. ಎದ್ದು ನಿಂತರೆ ತಲೆ ತಿರುಗುತ್ತಿತ್ತು.

ಒಂದು ಮಧ್ಯಾಹ್ನ ಶಾಲೆಯಿಂದ ಊಟಕ್ಕೆ ಬಂದಾಗ ಅವಳ ಬಾಯಿ ಅಲ್ಲಾಡುವುದು ಕಂಡಿತು. ಸೆರಗಿನ ತುದಿಯಲ್ಲಿ ಗಂಟು. ಬಿಚ್ಚಿ ನೋಡಿದರೆ ಕಲ್ಲುಪ್ಪಿನ ನಾಲ್ಕು ಹರಳು. ಒಂದು ಅವಳ ನಾಲಿಗೆಯ ಮೇಲಿತ್ತು. "ಉಗಿ ಅಮ್ಮ, ಉಗಿ" ಎಂದು ಗದರಿಸಿ, ನನ್ನ ಅಂಗೈ ಒಡ್ಡಿ ಉಗಿಸಿದೆ. ಅವಳು ಉಗಿದಳು, ನೀರು ತಂದು ಬಾಯಿ ಮುಕ್ಕಳಿಸಿದಳು, ಆಮೇಲೆ ಗೋಡೆಯ ಕಡೆ ತಿರುಗಿ ಕೂತಳು. ಹುಡಿಯ ವಿಷಯದಲ್ಲಿ ಮಾವನೊಟ್ಟಿಗೆ ಅಷ್ಟು ವಾದ ಮಾಡಿದ ನನಗೆ ಮದ್ದು ತಿರುಗುತ್ತದೆ ಎಂಬ ಹೆದರಿಕೆ ಬಿಟ್ಟುಹೋಗಿರಲಿಲ್ಲ. ಆ ದಿನ ಮಧ್ಯಾಹ್ನದ ಮೇಲೆ ಮೂರನೇ ತರಗತಿಗೆ ಆರೋಗ್ಯದ ಪಾಠ ಮಾಡಿದೆ.

ಅದಾಗಿ ಎರಡು ತಿಂಗಳಿಗೆ ಅಮ್ಮ ಹಾಸಿಗೆ ಹಿಡಿದಳು. ಪಕ್ಕದ ಮನೆಯಲ್ಲಿ ಬೂತಾಯಿ ಮೀನಿನ ಪುಳಿಮುಂಚಿ ಕುದಿಯುತ್ತಿತ್ತು, ಹುಳಿ ಮತ್ತು ಮೆಣಸಿನ ಪರಿಮಳ ನಮ್ಮ ಕಿಟಕಿಯೊಳಗೆ ಬಂತು. ಅಮ್ಮ ಕಣ್ಣು ಬಿಟ್ಟು, "ಮಗಾ, ಒಂದು ಬೆರಳು ಅದ್ದಿ ತಂದು ನಾಲಿಗೆಗೆ ಮುಟ್ಟಿಸ್ತೀಯಾ? ಮೀನು ಬೇಡ" ಎಂದಳು.

"ಪಥ್ಯ ಬಿಡಿಸದೆ ಹೇಗಮ್ಮ?" ಎಂದೆ ನಾನು. "ಸ್ವಲ್ಪ ಗುಣ ಆಗಲಿ, ಕೊಡ್ತೇನೆ."

"ಹೌದಲ್ಲ" ಎಂದಳು. ಮತ್ತೆ ಕೇಳಲಿಲ್ಲ. ಆ ವಾರವೇ ಹೋದಳು.

ಉತ್ತರಕ್ರಿಯೆಯ ದಿನ, ನಾವು ಬೊಜ್ಜ ಅನ್ನುತ್ತೇವೆ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಒಳಕೋಣೆಯಲ್ಲಿ ಎಲೆ ಹಾಕಿ ಬಡಿಸಬೇಕು. ಬಡಿಸಿ, ಬಾಗಿಲು ಮುಚ್ಚಿ, ಅವರು ಬಂದು ಉಣ್ಣುವವರೆಗೆ ಎಲ್ಲರೂ ಹೊರಗೆ ನಿಲ್ಲಬೇಕು. ಮಾವ ಬೆಳಿಗ್ಗೆಯೇ ಹೋಗಿ ಬೂತಾಯಿ ತಂದಿದ್ದರು. ಪುಳಿಮುಂಚಿ, ಹುರಿದ ಬಂಗುಡೆ, ಬದನೆಯ ಪಲ್ಯ, ಹಲಸಿನ ಗಟ್ಟಿ. ಒಬ್ಬೊಬ್ಬ ಪಂಡಿತರೂ ಬೇಡ ಎಂದದ್ದೆಲ್ಲ ಆ ಎಲೆಯ ಮೇಲೆ ಬಂದು ಕೂತಿತು. ಎಲೆಯ ತುದಿಗೆ ಉಪ್ಪು ಬಡಿಸುವ ಕೆಲಸ ನನ್ನದು. ನಾನು ಚಿಟಿಕೆಯಷ್ಟು ಇಟ್ಟೆ.

ಮಾವ ನನ್ನ ಹಿಂದೆಯೇ ನಿಂತಿದ್ದರು. "ಇನ್ನೂ ಸ್ವಲ್ಪ ಹಾಕು ಮಾರಾಯ್ತಿ" ಎಂದರು. "ಅವಳಿಗೆ ಯಾವಾಗಲೂ ಉಪ್ಪು ಹೆಚ್ಚೇ ಬೇಕಿತ್ತು."

"ಇದಕ್ಕೆ ಪಥ್ಯ ಬಿಡಿಸಿದ್ದು ಯಾರು ಮಾವ?" ಎಂದು ಕೇಳಿದೆ. ನಾನು ಉಪ್ಪಿನ ಮರಿಗೆಗೆ ಕೈ ಹಾಕಿ, ಮುಷ್ಟಿ ತುಂಬ ತೆಗೆದು ಎಲೆಗೆ ಸುರಿದೆ. ಮಾವ ಬಾಗಿಲು ಮುಚ್ಚಿದರು.